ಹಿಟ್ಟು ಉಬ್ಬುವುದೇಕೆ?

ಅಂಬರನಾಥ, ಕಲ್ಯಾಣ, ಡೊಂಬಿವಿಲಿಗಳ ಪೇಟೆ ಸುತ್ತಿದವರಿಗೆ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕ ಹೊಸದಲ್ಲ. ನೆರೆಮನೆಯ ಮರಾಠಿ ಬಂಧುಗಳು ಅಲ್ಲಿಂದ ಖಾರಾ ಬನ್ನು, ಪಫ್ಸು ಕಟ್ಟಿಸಿಕೊಂಡು ಬಂದು, ‘ಇದು ನಿಮ್ಮ ಕಡೆಯದಲ್ಲವೇ?’ ಎಂದು ನಮ್ಮನ್ನು ಕೇಳುತ್ತಾರೆ. ನಾವು ಹೆಮ್ಮೆಯಿಂದ ಹೌದೆನ್ನುತ್ತೇವೆ. ಆದರೆ ಮನೆಯ ಮಗು ಅದೇ ಬನ್ನನ್ನು ಮುರಿದು, ಒಳಗಿನ ಸಣ್ಣ ಸಣ್ಣ ತೂತುಗಳನ್ನು ತೋರಿಸಿ, ‘ಇವು ಹೇಗೆ ಬಂದವು?’ ಎಂದರೆ, ನಮ್ಮಲ್ಲಿ ಹೆಚ್ಚಿನವರು ‘ಈಸ್ಟ್ ಹಾಕಿರುತ್ತಾರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಅಯ್ಯಂಗಾರರು ಬ್ರೆಡ್ಡು ಮಾಡುವುದನ್ನು ಯಾರಿಂದ ಕಲಿತರು, ಅದಕ್ಕೂ ಮುಂಚೆ ನಮ್ಮವರಿಗೆ ಹಿಟ್ಟು ಉಬ್ಬಿಸುವ ವಿದ್ಯೆ ಗೊತ್ತಿತ್ತೆ, ಗೊತ್ತಿದ್ದರೆ ಮಕ್ಕಳಿಗೆ ಅದನ್ನು ಯಾರು ಹೇಳಿಕೊಡುತ್ತಿದ್ದರು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಸ್ವಾರಸ್ಯವಾದ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಮುಂಬಯಿ ಕನ್ನಡಿಗರ ಪಾಲೂ ಇದೆ. ಅದು ಅಷ್ಟೇನೂ ಸಿಹಿಯಾದ ಪಾಲಲ್ಲ.

ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಎಂಬವರು ‘ಬ್ಯಾಂಗಲೂರ್ ಬ್ರದರ್ಸ್’ ಎಂಬ ಬೇಕರಿ ತೆರೆದರು. ಜನರ ಬಾಯಲ್ಲಿ ಅದು ಬಿ.ಬಿ. ಬೇಕರಿಯಾಯಿತು. ಮೊದಲು ಅವರದು ಸಿಹಿತಿಂಡಿಯ ಅಂಗಡಿ. ಅಲ್ಲಿಗೆ ಬರುತ್ತಿದ್ದ ಇಂಗ್ಲಿಷರವನೊಬ್ಬ ಬ್ರೆಡ್ಡು ಸುಡುವ ಕ್ರಮವನ್ನು ಹೇಳಿಕೊಟ್ಟನೆಂಬುದು ಎಲ್ಲರೂ ಹೇಳುವ ಕಥೆ. ಕಥೆಯಲ್ಲಿ ಎಷ್ಟು ಉಪ್ಪು-ಖಾರ ಸೇರಿದೆಯೋ, ಇರಲಿ. ಕಲಿತವರು ಸುಮ್ಮನೆ ನಕಲು ಮಾಡಲಿಲ್ಲ ಎಂಬುದು ನಮಗೆ ಮುಖ್ಯ. ಆ ಮನೆತನಗಳಿಗೆ ಮೊಟ್ಟೆ ನಿಷಿದ್ಧ. ಇಂಗ್ಲಿಷರ ಕೇಕಿಗೋ ಮೊಟ್ಟೆಯೇ ಜೀವ. ಗಾಳಿಯನ್ನು ಹಿಡಿದಿಡುವುದೂ ಅದೇ, ಬೆಂದ ಮೇಲೆ ಆಕಾರ ಕೆಡದಂತೆ ನಿಲ್ಲಿಸುವುದೂ ಅದೇ. ಮೊಟ್ಟೆಯನ್ನು ತೆಗೆದುಬಿಟ್ಟರೆ ಆ ಎರಡು ಕೆಲಸಗಳನ್ನು ಬೇರೆ ಯಾರಾದರೂ ಮಾಡಬೇಕು. ಹಾಲು, ಮೊಸರು, ಸೋಡಾ, ಬೇಕಿಂಗ್ ಪೌಡರುಗಳನ್ನು ಹದವರಿತು ಬಳಸಿ ನಮ್ಮವರು ಅದನ್ನು ಸಾಧಿಸಿದರು. ಇದು ಪಾಕವೂ ಹೌದು, ರಸಾಯನವೂ ಹೌದು.

ಇದೇ ತೊಡಕು ಇಂಗ್ಲೆಂಡಿನಲ್ಲೂ ಒಬ್ಬರಿಗೆ ಬಂದಿತ್ತೆಂದರೆ ಓದುಗರಿಗೆ ಆಶ್ಚರ್ಯವಾದೀತು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಈಸ್ಟೂ ಒಗ್ಗುತ್ತಿರಲಿಲ್ಲ. ಆಕೆಗೆ ತಿನ್ನಲು ಬರುವಂಥ ಬ್ರೆಡ್ಡು ಮಾಡಲೆಂದು ಆತ 1843ರಲ್ಲಿ ಸೋಡಾವನ್ನೂ ಹುಳಿಪದಾರ್ಥವನ್ನೂ ಒಣಗಿದ ಹಿಟ್ಟಿನೊಡನೆ ಬೆರೆಸಿ ಒಂದು ಪುಡಿ ಸಿದ್ಧಪಡಿಸಿದ. ಒಣಗಿರುವ ತನಕ ಎರಡೂ ತೆಪ್ಪಗಿರುತ್ತವೆ. ನೀರು ಸೋಕಿತೋ, ಒಂದನ್ನೊಂದು ಕೆಣಕಿ ಅಂಗಾರಾಮ್ಲ ಅನಿಲವನ್ನು ಬಿಡುತ್ತವೆ. ಇಂದು ಡಬ್ಬಿಯಲ್ಲಿ ಸಿಗುವ ಬೇಕಿಂಗ್ ಪೌಡರಿನ ಮೂಲ ಇಂಥ ಪುಡಿಗಳಲ್ಲಿದೆ. ಆತನದು ಹೆಂಡತಿಯ ಆರೋಗ್ಯದ ಕಾರಣ, ತಿರುಮಲಾಚಾರ್ಯರದು ಮಡಿಯ ಕಾರಣ. ಹಿಟ್ಟಿಗೆ ಕಾರಣ ಬೇಕಿಲ್ಲ, ಅನಿಲವಿದ್ದರೆ ಸಾಕು!

ಅಯ್ಯಂಗಾರ್ ಬೇಕರಿಗಳು ಹಬ್ಬಿದ ಬಗೆಯನ್ನು ಗಮನಿಸಬೇಕು. ಹಾಸನ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ಬಂಧುಗಳ ಬೇಕರಿಗೆ ಬಂದು, ಹಿಟ್ಟು ನಾದುತ್ತ, ಒಲೆಗೆ ಸೌದೆ ಒಡ್ಡುತ್ತ, ತಟ್ಟೆ ಎಳೆಯುತ್ತ ಕೆಲಸ ಕಲಿತರು. ಕೈ ಪಳಗಿದ ಮೇಲೆ ಬೇರೊಂದು ಬೀದಿಯಲ್ಲಿ, ಬೇರೊಂದು ಊರಿನಲ್ಲಿ ತಮ್ಮದೇ ಒಂದು ಒಲೆ ಹೂಡಿದರು. ಹೀಗೆಯೇ ಅದು ಪುಣೆಗೆ, ಮುಂಬಯಿಗೆ, ನಮ್ಮ ಠಾಣೆ ಸೀಮೆಗೆ ಬಂತು. ಈಗ ಆ ಫಲಕದ ಕೆಳಗೆ ಕುಳಿತವರೆಲ್ಲ ಅಯ್ಯಂಗಾರರೇ ಆಗಿರಬೇಕೆಂದಿಲ್ಲ. ಪಾಠ ಮಾತ್ರ ಕೈಯಿಂದ ಕೈಗೆ ಬಂದದ್ದು. ಹಿಟ್ಟು ಹದವಾಯಿತೆಂದು ಬೆರಳು ಹೇಳಬೇಕು, ಒಲೆ ಕಾದಿತೆಂದು ಅಂಗೈ ಹೇಳಬೇಕು. ಏಕೆ ಎಂದು ಕೇಳುವ ಪುರುಸೊತ್ತು ಹುಡುಗನಿಗೂ ಇರಲಿಲ್ಲ, ಹೇಳುವ ಪುರುಸೊತ್ತು ಯಜಮಾನನಿಗೂ ಇರಲಿಲ್ಲ.

ಹಾಗಾದರೆ ಹಿಟ್ಟು ಉಬ್ಬಿಸುವುದು ನಮಗೆ ಇಂಗ್ಲಿಷರಿಂದ ಬಂದ ವಿದ್ಯೆಯೆ? ಖಂಡಿತ ಅಲ್ಲ. ಕ್ರಿ.ಶ. 920ರ ಸುಮಾರಿನ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆಂಬುದನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಅದಾದ ಒಂದು ಶತಮಾನಕ್ಕೆ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಮಳೆ-ಬೆಳೆ, ಬಾವಿ ತೋಡುವುದು, ವೈದ್ಯ, ಅಡುಗೆ ಎಲ್ಲವೂ ಅದರಲ್ಲಿವೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಇಂಗು, ಜೀರಿಗೆ, ಮೆಣಸುಗಳನ್ನೂ ಸೇರಿಸುವ ವಿಧಾನ ಅಲ್ಲಿ ಸಿಗುತ್ತದೆ. ನಮ್ಮ ಅಂಬರನಾಥದ ಶಿವಾಲಯದ ಶಾಸನದ ಕಾಲ ಶಕವರ್ಷ 982, ಅಂದರೆ ಕ್ರಿ.ಶ. 1060. ದೇವಾಲಯದ ಆ ಕರಿಗಲ್ಲುಗಳ ಮುಂದೆ ನಿಂತಾಗ, ಇವುಗಳ ಮೇಲೆ ಉಳಿಯೇಟು ಬೀಳುವ ಹೊತ್ತಿಗಾಗಲೇ ಕನ್ನಡ ನಾಡಿನಲ್ಲಿ ಒಬ್ಬ ಉದ್ದಿನ ಹಿಟ್ಟಿನ ಹದವನ್ನು ಬರೆದಿಟ್ಟಿದ್ದ ಎಂದು ಮಕ್ಕಳಿಗೆ ಹೇಳಬಹುದು. ಕಾಲದ ಅಳತೆ ಮನಸ್ಸಿಗೆ ಹತ್ತಲು ಇದಕ್ಕಿಂತ ಸುಲಭದ ದಾರಿ ನಮಗೆ ತೋರುವುದಿಲ್ಲ.

ಆದರೆ ಹೆಮ್ಮೆ ಅಳತೆ ಮೀರಬಾರದು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯನವರು 1994ರಲ್ಲಿ ಪ್ರಕಟವಾದ ತಮ್ಮ ಭಾರತೀಯ ಆಹಾರದ ಚರಿತ್ರೆಯಲ್ಲಿ ಒಂದು ಮಾತನ್ನು ಎತ್ತಿ ತೋರಿಸಿದ್ದಾರೆ. ಈ ಹಳೆಯ ಉಲ್ಲೇಖಗಳಲ್ಲಿ ಉದ್ದು ಇದೆ. ಅಕ್ಕಿಯಿಲ್ಲ, ರಾತ್ರಿಯೆಲ್ಲ ಹುದುಗಲು ಬಿಡುವ ಮಾತಿಲ್ಲ, ಆವಿಯಲ್ಲಿ ಬೇಯಿಸುವ ಮಾತೂ ಇಲ್ಲ. ಅಂದರೆ ಅಂದಿನ ಇಡ್ಡಲಿಗೆ ಇಂದಿನ ಇಡ್ಲಿಯಲ್ಲ. ಯಾರೋ ಎಲ್ಲೋ ಹಿಟ್ಟನ್ನು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರು, ಅದು ಉಬ್ಬಿತ್ತು. ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. 1508ರ ಸುಮಾರಿಗೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು, ಹಿಟ್ಟಿನ ಪದಾರ್ಥಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅಡುಗೆಯನ್ನು ಪದ್ಯದಲ್ಲಿ ಹೇಳಿದ್ದು ಬಾಯಿಪಾಠಕ್ಕೆ ಅನುಕೂಲವಾಗಲೆಂದೇ ಇರಬಹುದು ಎಂದು ನಮ್ಮ ಊಹೆ.

ಮಂಗರಸ ಬರೆದ ಎರಡೇ ವರ್ಷಕ್ಕೆ, 1510ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರಿಗೆ ಬ್ರೆಡ್ಡಿಲ್ಲದೆ ಊಟವಿಲ್ಲ, ಈಸ್ಟ್ ಸಿಗುವುದಿಲ್ಲ. ತೆಂಗಿನ ಕಳ್ಳನ್ನು ಹಾಕಿ ಹಿಟ್ಟು ಹುದುಗಿಸುವ ಪದ್ಧತಿ ಹೀಗೆ ಗೋವೆಯಲ್ಲಿ ಬೆಳೆಯಿತು. ಮಂಗಳೂರಿನ ಕ್ರೈಸ್ತ ಬಂಧುಗಳ ಮನೆಯ ಸಣ್ಣ ಉಬ್ಬುವುದೂ ಕಳ್ಳಿನಿಂದಲೇ. ನಾವು ದಿನವೂ ಕೊಳ್ಳುವ ಪಾವಿನ ಹೆಸರನ್ನು ಕೆಲವರು ‘ಪಾವು ಭಾಗ’ ಎಂದೂ, ಇನ್ನು ಕೆಲವರು ಕಾಲಿನಿಂದ ತುಳಿದ ಹಿಟ್ಟು ಎಂದೂ ಅರ್ಥ ಹೇಳುವುದುಂಟು. ಎರಡೂ ಕಟ್ಟುಕಥೆ. ಪೋರ್ಚುಗೀಸ್ ಭಾಷೆಯಲ್ಲಿ ಬ್ರೆಡ್ಡಿಗೆ ಇರುವ ‘ಪಾಂವ್’ ಎಂಬ ಶಬ್ದವೇ ಇಲ್ಲಿ ಪಾವ್ ಆದದ್ದು. ವಸಾಯಿ 1534ರಿಂದ 1739ರವರೆಗೆ ಅವರ ಕೈಯಲ್ಲಿತ್ತೆಂಬುದನ್ನು ನೆನೆದರೆ, ನಮ್ಮ ಸೀಮೆಗೆ ಪಾವು ಎಷ್ಟು ಹಳೆಯ ನೆಂಟ ಎಂಬುದು ತಿಳಿಯುತ್ತದೆ.

ಆ ಹಳೆಯ ನೆಂಟ ಕನ್ನಡಿಗರ ಮನೆಯೊಳಗೆ ಬಂದು ಕುಳಿತದ್ದು ಮಾತ್ರ ತೀರ ಈಚೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಮುಂಬಯಿಯಲ್ಲಿ ರೇಷನ್ ಬಂತು. ಅಕ್ಕಿ ಉಣ್ಣುವವರು ಗೋಧಿಗೆ ಹೊಂದಿಕೊಳ್ಳಬೇಕಾಯಿತು. ಮುಂದೆ 1965ರಲ್ಲಿ ಕೇಂದ್ರ ಸರ್ಕಾರವೇ ‘ಮಾಡರ್ನ್ ಬೇಕರೀಸ್’ ಎಂಬ ಕಂಪನಿ ಕಟ್ಟಿ, ದೊಡ್ಡ ನಗರಗಳಲ್ಲಿ ಯಂತ್ರದ ಬ್ರೆಡ್ಡು ಮಾಡಿಸಿತು. 2000ದಲ್ಲಿ ಅದು ಖಾಸಗಿಯವರ ಪಾಲಾಯಿತು. ನಮ್ಮ ತಾಯಂದಿರ ಕಾಲದಲ್ಲಿ ಜ್ವರ ಬಂದವರಿಗೆ ಮಾತ್ರ ತರುತ್ತಿದ್ದ ಬ್ರೆಡ್ಡು ಮಕ್ಕಳ ಶಾಲೆಯ ಡಬ್ಬಿಗೆ ಇಳಿದದ್ದು ಹೀಗೆ.

ಇನ್ನು ಮುಂಬಯಿಯ ನಮ್ಮ ಪಾಲು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ದಕ್ಷಿಣ ಕನ್ನಡದ ಬಡ ಮನೆಗಳಿಂದ ಹತ್ತು-ಹನ್ನೆರಡು ವರ್ಷದ ಹುಡುಗರು ಈ ನಗರಕ್ಕೆ ಬಂದು ಹೋಟೆಲುಗಳ ಅಡುಗೆಮನೆ ಸೇರುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ತಟ್ಟೆ ತೊಳೆಯುವುದರಿಂದ ಆರಂಭ; ಆಮೇಲೆ ರುಬ್ಬುವುದು, ಆಮೇಲೆ ಒಲೆಯ ಬಳಿ. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮನಾಯಕರು ಹಾಗೆ ಬಾಲಕರಾಗಿ ಬಂದು ಅಡುಗೆಮನೆಯಲ್ಲಿ ಬೆಳೆದವರೇ. ಈ ಹುಡುಗರಿಗೆ ಅಕ್ಷರ ಕಲಿಸಬೇಕೆಂದು ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ನಡೆಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ 1908ರಷ್ಟು ಹಿಂದೆಯೇ ಆರಂಭವಾದದ್ದು. ಕೆಲಸ ಮುಗಿಸಿ, ಕೈಯಿಂದ ಈರುಳ್ಳಿಯ ವಾಸನೆ ಹೋಗುವ ಮುನ್ನವೇ ಪಾಟಿ ಹಿಡಿದ ಆ ಹುಡುಗರಲ್ಲಿ ಎಷ್ಟೋ ಜನ ಮುಂದೆ ವಕೀಲರಾದರು, ಅಧಿಕಾರಿಗಳಾದರು, ಹೋಟೆಲಿನ ಮಾಲೀಕರಾದರು. ಮುಂಬಯಿ ಕನ್ನಡಿಗರ ಇತಿಹಾಸದಲ್ಲಿ ಆ ಶಾಲೆಗಳಿಗಿಂತ ದೊಡ್ಡ ಕೆಲಸ ಬೇರೊಂದಿಲ್ಲ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಆದರೂ ಒಂದು ವಿಚಾರ ನಮ್ಮನ್ನು ಕಾಡುತ್ತದೆ. ಹಗಲಿನಲ್ಲಿ ಆ ಹುಡುಗ ಮಣಗಟ್ಟಲೆ ಹಿಟ್ಟು ಹುದುಗಿಸುತ್ತಿದ್ದ. ಮಳೆಗಾಲಕ್ಕೊಂದು ಹದ, ಚಳಿಗೊಂದು ಹದ ಅವನಿಗೆ ಗೊತ್ತಿತ್ತು. ರಾತ್ರಿ ಶಾಲೆಯಲ್ಲಿ ವಿಜ್ಞಾನದ ಪುಸ್ತಕ ತೆರೆದಾಗ ಅದರಲ್ಲಿ ಆಮ್ಲಜನಕವಿತ್ತು, ಸನ್ನೆಗೋಲಿತ್ತು. ಹಗಲೆಲ್ಲ ಅವನ ಕೈಯಲ್ಲಿದ್ದ ಹಿಟ್ಟು ಇರಲಿಲ್ಲ. ಹೊಟ್ಟೆಪಾಡಿನ ಅಡುಗೆಮನೆ ಒಂದು ಕಡೆ, ವಿದ್ಯೆ ಇನ್ನೊಂದು ಕಡೆ. ಅವನು ಮುಂದೆ ತಂದೆಯಾದಾಗ ತನ್ನ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ‘ನೀವು ಒಲೆಯ ಹತ್ತಿರ ಬರಬೇಡಿ, ಓದಿ.’ ಆ ಮಾತಿನ ಹಿಂದಿನ ನೋವನ್ನು ಅರಿಯದೆ ಟೀಕಿಸುವುದು ಸಲ್ಲದು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದದ್ದೇ 2006ರ ಅಕ್ಟೋಬರಿನಲ್ಲಿ. ಆ ಕಾಲ ಮತ್ತೆ ಬರಬಾರದು. ಆದರೆ ಒಲೆಯಿಂದ ಮಕ್ಕಳನ್ನು ದೂರವಿಟ್ಟ ರಭಸದಲ್ಲಿ, ಒಲೆಯ ಸುತ್ತ ಇದ್ದ ತಿಳಿವಳಿಕೆಯನ್ನೂ ಅವರಿಂದ ದೂರವಿಟ್ಟೆವು. ಗಂಡುಮಕ್ಕಳಿಗಂತೂ ಪೂರ್ತಿ ದೂರ. ಹೆಣ್ಣುಮಕ್ಕಳಿಗೆ ‘ಮದುವೆಯಾದ ಮೇಲೆ ಬೇಕಾಗುತ್ತದೆ’ ಎಂಬ ಕಾರಣ ಹೇಳಿ ಕಲಿಸಿದೆವು. ಅದು ರಸಾಯನವೆಂದು ಹೇಳಿ ಕಲಿಸಲಿಲ್ಲ.

ಎರಡನ್ನೂ ಕೂಡಿಸಲು ಹೊರಟವರು ಇರಲಿಲ್ಲವೆಂದಲ್ಲ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದ. ಅಲ್ಲಿ ಹುಡುಗರೂ ಹುಡುಗಿಯರೂ ಅಡುಗೆ ಮಾಡುತ್ತಿದ್ದರು. ಮೊಟ್ಟೆ ಬೇಯಿಸುವ ಪಾಠದ ದಿನ, ಪಾಕಪುಸ್ತಕದಲ್ಲಿ ಇರುವಂತೆ ಮಾಡಿಬಿಡೋಣ ಎಂದು ಮಕ್ಕಳಲ್ಲಿ ಒಬ್ಬರು ಸೂಚಿಸಿದರಂತೆ. ಹಾಗೆ ಮಾಡಿದರೆ ಏಕೆ ಹಾಗಾಯಿತೆಂಬುದು ತಿಳಿಯುವುದೇ ಎಂದು ಉಪಾಧ್ಯಾಯಿನಿ ಮರುಪ್ರಶ್ನೆ ಹಾಕಿದರು. ಮಕ್ಕಳು ಬಿಸಿನೀರಿನ ಒಂದೊಂದು ಹಂತದಲ್ಲಿಯೂ ಮೊಟ್ಟೆಯ ಬಿಳಿಭಾಗ ಹೇಗಾಗುತ್ತದೆಂದು ತಾವೇ ನೋಡಿದರು. ಡ್ಯೂಯಿ ಈ ಪ್ರಸಂಗವನ್ನು 1899ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ.

ಚಿಕಾಗೋವರೆಗೆ ಹೋಗುವುದೇಕೆ? ನಮ್ಮ ಠಾಣೆ ಜಿಲ್ಲೆಯಲ್ಲೇ (2014ರಿಂದ ಆ ಭಾಗ ಪಾಲ್ಘರ್ ಜಿಲ್ಲೆಗೆ ಸೇರಿದೆ) ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿಯೂ, 1957ರಿಂದ ಕೋಸಬಾಡದ ಗುಡ್ಡದ ಮೇಲೂ ಬಾಲವಾಡಿಗಳನ್ನು ನಡೆಸಿದರು. ಮಾಂಟೆಸ್ಸೋರಿಯ ದುಬಾರಿ ಉಪಕರಣಗಳ ಬದಲು ಬೀಜ, ಎಲೆ, ಕಲ್ಲು, ಚಿಪ್ಪುಗಳನ್ನು ಬಳಸಿದರು. ವಾರ್ಲಿ ಮಕ್ಕಳು ಶಾಲೆಗೆ ಬಾರದಿದ್ದರೆ ಮಕ್ಕಳಿದ್ದಲ್ಲಿಗೆ, ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ಇಂದು ದೇಶದ ಮೂಲೆಮೂಲೆಯಲ್ಲಿರುವ ಅಂಗನವಾಡಿ ಎಂಬ ಹೆಸರಿನ ಬೇರು ಅಲ್ಲಿದೆ. ಜೊತೆಗಿದ್ದ ಅನುತಾಯಿ ವಾಘ್ ಆ ಕೆಲಸವನ್ನು ಮುಂದುವರಿಸಿದರು. ಗಾಂಧೀಜಿಯವರ 1937ರ ವಾರ್ಧಾ ಶಿಕ್ಷಣ ಯೋಜನೆಯ ತಿರುಳೂ ಕೈಕೆಲಸದ ಮೂಲಕ ವಿದ್ಯೆ ಎಂಬುದೇ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹದಿನಾರು ಹಳ್ಳಿ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಹೆಗಲು ಕೊಟ್ಟಿದ್ದರು. ಮೂವತ್ತು ವರ್ಷ ನಡೆದ ಮೇಲೆ 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕನ್ನಡದಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನು 1936ರಲ್ಲೇ ತಂದರೆಂಬುದನ್ನು ಮರೆಯಲಾಗದು. ಇಷ್ಟೆಲ್ಲ ಆದರೂ ನಗರದ ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ ಮಗು ಓದಿನ ಮೇಜಿನ ಬಳಿ, ತಾಯಿ ಒಲೆಯ ಬಳಿ, ನಡುವೆ ಒಂದು ಗೋಡೆ.

ಆ ಗೋಡೆ ಆಗಾಗ ತಾನಾಗಿ ಬೀಳುತ್ತಿದ್ದ ಒಂದು ಸಂದರ್ಭವನ್ನು ಹಿರಿಯ ಓದುಗರು ಬಲ್ಲರು. ದೀಪಾವಳಿಯ ಮುಂಚೆ, ಇಲ್ಲವೆ ಮೇ ರಜೆಯಲ್ಲಿ, ಮನೆಯಲ್ಲಿ ನಾನಖಟಾಯಿಯ ಹಿಟ್ಟು ಕಲಸಿ, ಉಂಡೆ ಮಾಡಿ, ತಗಡಿನ ತಟ್ಟೆಯಲ್ಲಿ ಜೋಡಿಸಿ ಬೇಕರಿಯ ಭಟ್ಟಿಗೆ ಒಯ್ಯುವ ರೂಢಿ ಮುಂಬಯಿ-ಪುಣೆಗಳ ಕಡೆ ಇತ್ತು. ಮನೆಯಲ್ಲಿ ಓವನ್ ಇಲ್ಲದ ಕಾಲ. ತಟ್ಟೆ ಬದಲಾಗದಂತೆ ಚೀಟಿ ಅಂಟಿಸಿ, ಸರದಿಯಲ್ಲಿ ಕಾದು ನಿಲ್ಲುವ ಕೆಲಸ ಮಕ್ಕಳದು. ಒಂದೇ ಭಟ್ಟಿಯಲ್ಲಿ ಬೆಂದರೂ ಒಬ್ಬರದು ಹರಡಿಕೊಂಡಿರುತ್ತಿತ್ತು, ಇನ್ನೊಬ್ಬರದು ಬಿರಿದು ಹೂವಾಗಿರುತ್ತಿತ್ತು. ತುಪ್ಪ ಹೆಚ್ಚಾಯಿತೆ, ಸೋಡಾ ಕಡಿಮೆಯಾಯಿತೆ ಎಂಬ ಚರ್ಚೆ ದಾರಿಯುದ್ದಕ್ಕೂ. ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕೆ?

ಈಗಲೂ ಅದನ್ನು ಮನೆಯಲ್ಲಿ ಮಾಡಿಸಬಹುದು. ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರಡಿ, ಮೇಲೊಂದು ಇರಿಕೆಯಿಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿದರೆ ಸಾಕು. ಕೆಳಗಿನ ಕಾವನ್ನು ಮರಳು ಸಮವಾಗಿ ಹಂಚುತ್ತದೆ, ಮುಚ್ಚಿದ ಗಾಳಿ ಸುತ್ತಲೂ ಬಿಸಿ ಕೊಡುತ್ತದೆ. ಉರಿಯ ಬಳಿ ದೊಡ್ಡವರು ಇರಲೇಬೇಕು. ತೂಕಕ್ಕೆ ಮಕ್ಕಳನ್ನೇ ಕೂರಿಸಿರಿ: ತುಪ್ಪ 100 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಮೈದಾ 200 ಗ್ರಾಂ, ಸೋಡಾ ಒಂದು ಚಿಟಿಕೆ. ಅರ್ಧ ಹಿಟ್ಟಿಗೆ ಸೋಡಾ ಹಾಕಿ, ಅರ್ಧಕ್ಕೆ ಹಾಕದೆ ಬಿಟ್ಟರೆ ಉತ್ತರ ತಟ್ಟೆಯಲ್ಲೇ ಬರುತ್ತದೆ. ಬಿಸಿ ಏರಿದಂತೆ ಸೋಡಾ ಒಡೆದು ಅನಿಲ ಬಿಡುತ್ತದೆ. ಸುಮಾರು 80 ಡಿಗ್ರಿ ದಾಟಿದ ಮೇಲೆ ಆ ಕೆಲಸ ಚುರುಕು. ಹಾಗೆ ಒಡೆದಾಗ ಹಿಂದೆ ಉಳಿಯುವುದು ಒಗೆಯುವ ಸೋಡಾ. ಸೋಡಾ ಹೆಚ್ಚಾದ ತಿಂಡಿ ಸಾಬೂನಿನಂತೆ ರುಚಿಗೆಡುವುದು ಇದರಿಂದಲೇ.

ಸೋಡಾದ ಕ್ಷಾರಗುಣವನ್ನು ತೋರಿಸಲು ನಮ್ಮ ಮನೆಗಳಲ್ಲಿ ಲಿಟ್ಮಸ್ ಕಾಗದ ಬೇಡ. ಆರತಿಗೆ ಕೆಂಪು ನೀರು ಮಾಡುವುದು ಹೇಗೆಂದು ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ: ಅರಿಸಿನದ ನೀರಿಗೆ ಚಿಟಿಕೆ ಸುಣ್ಣ. ಸುಣ್ಣ ಕ್ಷಾರ, ಅದಕ್ಕೇ ಹಳದಿ ಕೆಂಪಾಗುತ್ತದೆ. ಸೋಡಾ ಸುಣ್ಣದಷ್ಟು ತೀಕ್ಷ್ಣವಲ್ಲ. ಕದಡಿದರೆ ಕಿತ್ತಳೆ ಕೆಂಪು ಬರುತ್ತದೆ. ಮೇಲೆ ನಿಂಬೆರಸ ಹಿಂಡಿದರೆ ನೊರೆ ಉಕ್ಕಿ ನೀರು ಮತ್ತೆ ಹಳದಿ. ಆ ನೊರೆಯೇ ಮಂಗಳೂರು ಬನ್ಸಿನಲ್ಲಿ ಮೊಸರೂ ಸೋಡಾವೂ ಕೂಡಿ ಮಾಡುವ ಕೆಲಸ. ಮಗು ಇದನ್ನು ಒಮ್ಮೆ ಕಣ್ಣಾರೆ ಕಂಡರೆ, ಆಮ್ಲ-ಕ್ಷಾರಗಳ ಪಾಠವನ್ನು ಉರುಹೊಡೆಯಬೇಕಾಗಿಲ್ಲ.

ಇನ್ನು ಬ್ರೆಡ್ಡಿನ ತೂತಿನ ಪ್ರಶ್ನೆ. ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಚೀಲವೂ ಬೇಕು. ಗೋಧಿಯ ಕಣಕವನ್ನು ಒಂದು ಮುಷ್ಟಿ ತೆಗೆದುಕೊಂಡು ನೀರಿನೊಳಗೆ ಹಿಸುಕುತ್ತ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ರಬ್ಬರಿನಂಥ ಜಿಗುಟು ಮುದ್ದೆ ಉಳಿಯುತ್ತದೆ. ಇಟಲಿಯ ಬೊಲೋನ್ಯಾದ ಬೆಕ್ಕಾರಿ ಎಂಬ ವೈದ್ಯ ಹೀಗೆಯೇ ತೊಳೆದು ಅದನ್ನು ಬೇರ್ಪಡಿಸಿದ್ದ; ಅವನ ಲೇಖನ ಅಚ್ಚಾದದ್ದು 1745ರಲ್ಲಿ. ಗ್ಲುಟೆನ್ ಎನ್ನುತ್ತಾರೆ. ನಮ್ಮ ತಾಯಂದಿರಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೆ ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿ ಕೆಲವು ತಾಸು ನೆನೆಯಲು ಬಿಡದಿದ್ದರೆ ಅದು ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹರಿಯುತ್ತದೆ ಎಂಬುದು ಗೊತ್ತಿತ್ತು. ನೆನೆದಾಗ ಆ ಜಿಗುಟು ಸಡಿಲಗೊಂಡು ಹಾಳೆಯಂತೆ ಹಿಗ್ಗುತ್ತದೆ. ವಿಜಾಪುರ, ಕಲಬುರ್ಗಿ ಕಡೆಯ ನಮ್ಮ ಮನೆಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಕುದಿಯುವ ಎಸರು ಹೊಯ್ದು ಹಿಟ್ಟು ನಾದುವುದು; ಬಿಸಿಗೆ ಪಿಷ್ಟ ಗಂಜಿಯಾಗಿ ಜಿಗಿ ಕೊಡುತ್ತದೆ, ರೊಟ್ಟಿ ತಟ್ಟಲು ಬರುತ್ತದೆ. ಜೋಳದ ಹಿಟ್ಟಿನಿಂದ ಬ್ರೆಡ್ಡು ಏಕೆ ಉಬ್ಬುವುದಿಲ್ಲ ಎಂದು ಮಗುವನ್ನೇ ಕೇಳಿ ನೋಡಿ. ಎರಡೂ ಹಿಟ್ಟನ್ನು ಮುಟ್ಟಿದ ಮಗು ಉತ್ತರವನ್ನು ತಾನೇ ಹುಡುಕುತ್ತದೆ.

ಈಸ್ಟ್ ಜೀವಿ ಎಂಬುದು ಬಹಳ ಕಾಲ ಯಾರಿಗೂ ನಿಶ್ಚಯವಿರಲಿಲ್ಲ. ಹಾಲೆಂಡಿನ ಲೇವನ್‌ಹುಕ್ 1680ರಲ್ಲಿ ಸೂಕ್ಷ್ಮದರ್ಶಕದಲ್ಲಿ ಅದರ ಕಣಗಳನ್ನು ಕಂಡಿದ್ದ. ಹುದುಗುವಿಕೆ ಜೀವಿಗಳ ಕೆಲಸವೆಂದು ಪಾಶ್ಚರ್ 1857ರಿಂದ ಮುಂದಿನ ತನ್ನ ಪ್ರಯೋಗಗಳಲ್ಲಿ ತೋರಿಸಿಕೊಟ್ಟ. ಬೆಚ್ಚಗಿನ ನೀರು, ಸಕ್ಕರೆ, ಈಸ್ಟ್ ಇವನ್ನು ಬಾಟಲಿಗೆ ಹಾಕಿ ಬಾಯಿಗೆ ಬಲೂನು ಕಟ್ಟಿದರೆ ಮಕ್ಕಳ ಕಣ್ಣೆದುರೇ ಬಲೂನು ಎದ್ದು ನಿಲ್ಲುತ್ತದೆ. ಕುದಿನೀರಿನಲ್ಲಿ ಮಾಡಿದ ಇನ್ನೊಂದು ಬಾಟಲಿ ಸತ್ತಂತಿರುತ್ತದೆ. ನಮ್ಮ ಇಡ್ಲಿಯದು ಬೇರೆ ದಾರಿ: ಅಲ್ಲಿ ಮುಖ್ಯವಾಗಿ ದುಡಿಯುವುದು ಉದ್ದಿನ ಬೇಳೆಯ ಮೇಲೇ ವಾಸಿಸುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ, ಅನಿಲವನ್ನು ಹಿಡಿದಿಡುವುದು ಉದ್ದಿನ ಲೋಳೆ. ಹಿಟ್ಟಿಗೆ ಹುಳಿಯೂ ಬರುತ್ತದೆ, ಹೂವಿನಂಥ ಮೃದುತ್ವವೂ ಬರುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಇಂಥ ನಮ್ಮ ತಿನಿಸುಗಳೂ ವಿಜ್ಞಾನದ ವಸ್ತುಗಳಾದವು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿಯ ತರಬೇತಿಯೇ ಇದೆ. ಹಾಸನದ ಹುಡುಗ ಮಾವನ ಅಂಗಡಿಯಲ್ಲಿ ಕಲಿತದ್ದಕ್ಕೆ ಈಗ ಪ್ರಮಾಣಪತ್ರ ಸಿಗುತ್ತದೆ.

ನಮ್ಮ ಊರಿಗಂತೂ ರಸಾಯನ ಹೊಸದಲ್ಲ. 1919ರಲ್ಲಿ ಸ್ಥಾಪನೆಯಾದ ಧರಮ್ಸಿ ಮೊರಾರ್ಜಿ ಕಂಪನಿ ಗಂಧಕಾಮ್ಲ ತಯಾರಿಸಿದ್ದು ಅಂಬರನಾಥದಲ್ಲಿ. 1920ರ ದಶಕದಲ್ಲಿ ಸ್ವೀಡಿಷರ ವಿಮ್ಕೊ ಬೆಂಕಿಪೆಟ್ಟಿಗೆ ಮಾಡಿದ್ದೂ ಇಲ್ಲಿಯೇ. ಇಂಥ ಕಾರ್ಖಾನೆಗಳಲ್ಲಿ ಪಾಳಿ ಮಾಡಿ, ಎಷ್ಟು ಡಿಗ್ರಿಗೆ ಯಾವ ಕವಾಟ ತೆರೆಯಬೇಕೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ತಂದೆಯರು ನಮ್ಮಲ್ಲಿದ್ದರು. ಅವರಲ್ಲಿ ಎಷ್ಟು ಜನ ಮನೆಯ ಅಡುಗೆ ಒಲೆಯ ಬಿಸಿ ಎಷ್ಟೆಂದು ಮಕ್ಕಳೊಡನೆ ಕೂತು ಅಳೆದರು? ಈಗಿನ ತಂದೆಯರಾದರೂ ಭಾನುವಾರ ಒಂದು ತಾಸು ಆ ಕೆಲಸಕ್ಕೆ ಕೊಡಬಾರದೇಕೆ?

ವಿಜ್ಞಾನದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದರಲ್ಲಿದೆ, ಅದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇವೆ. ನಮ್ಮ ಮಕ್ಕಳ ಶಾಲೆ ಇಂಗ್ಲಿಷಿನಲ್ಲಿ, ಆಟ ಮರಾಠಿ-ಹಿಂದಿಗಳಲ್ಲಿ. ಕನ್ನಡಕ್ಕೆ ಉಳಿದ ಜಾಗ ಅಡುಗೆಮನೆಯೊಂದೇ ಎಂದರೆ ಉತ್ಪ್ರೇಕ್ಷೆಯಾಗದು. ಅಲ್ಲಿಂದಲೂ ಅವರನ್ನು ಹೊರಗಿಟ್ಟರೆ? ಕಲಸು, ನಾದು, ಮಿದಿ, ತಟ್ಟು, ಲಟ್ಟಿಸು, ತೊಡೆ, ಹೊಯ್ಯಿ — ಇಷ್ಟೂ ಕ್ರಿಯಾಪದಗಳ ಜಾಗದಲ್ಲಿ ‘ಮಿಕ್ಸ್ ಮಾಡು’ ಎಂಬ ಒಂದೇ ಮಾತು ಬಂದು ಕುಳಿತಿದೆ. ಮಿದಿಯುವುದಕ್ಕೂ ನಾದುವುದಕ್ಕೂ ಇರುವ ವ್ಯತ್ಯಾಸವನ್ನು ನಿಘಂಟು ನೋಡಿ ಕಲಿಸಲು ಬರುವುದಿಲ್ಲ. ಮಣಿಕಟ್ಟಿಗೆ ನೋವಾದಾಗ ಅದು ತಿಳಿಯುತ್ತದೆ. ಹುದುಗು ಎಂಬ ಶಬ್ದವನ್ನೇ ನೋಡಿ. ಅದಕ್ಕೆ ಅಡಗಿರುವುದು ಎಂಬ ಅರ್ಥವೂ ಇದೆ, ಹಿಟ್ಟು ಉಬ್ಬಿ ಬರುವುದು ಎಂಬ ಅರ್ಥವೂ ಇದೆ. ಕುಂದಾಪುರದ ಅಜ್ಜಿ ಹಿಟ್ಟಿಗೆ ಹೇಳುವ ಮಾತು ಬೇರೆ, ಧಾರವಾಡದ ಅಜ್ಜಿ ಹೇಳುವ ಮಾತು ಬೇರೆ. ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿ ಇಬ್ಬರೂ ಸಿಗುತ್ತಾರೆ. ಮಕ್ಕಳು ಎರಡೂ ಮನೆಗೆ ಹೋಗಿ ಶಬ್ದಗಳನ್ನು ಬರೆದುಕೊಂಡು ಬರಲಿ. ಯಾವುದು ಶುದ್ಧ ಎಂಬ ತಕರಾರು ದೊಡ್ಡವರು ತೆಗೆಯದಿದ್ದರಾಯಿತು.

ಸಂಘದ ಮಕ್ಕಳಿಗೆ ನಾವು ಸೂಚಿಸುವುದು ಒಂದು ಸಣ್ಣ ಕೆಲಸ. ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿದ ರಾತ್ರಿ ಗಾಜಿನ ಲೋಟವೊಂದಕ್ಕೆ ಸ್ವಲ್ಪ ಹಿಟ್ಟು ಹಾಕಿ, ಅದರ ಮಟ್ಟಕ್ಕೆ ಹೊರಗಡೆಯಿಂದ ಬಣ್ಣದ ದಾರ ಕಟ್ಟಿರಿ. ಎಷ್ಟು ಗಂಟೆಗೆ ಅದು ಎರಡರಷ್ಟಾಯಿತೆಂದು ನೋಡಿ, ತಾರೀಖು, ವೇಳೆ, ಆ ದಿನದ ಸೆಕೆ ಅಥವಾ ಚಳಿ, ಇವನ್ನು ಕನ್ನಡದಲ್ಲಿ ಒಂದು ವಹಿಯಲ್ಲಿ ಬರೆದಿಡಿ. ಮೇ ತಿಂಗಳ ಅಂಬರನಾಥದಲ್ಲಿ ಬೆಳಗಿನ ಜಾವಕ್ಕೇ ಹಿಟ್ಟು ಪಾತ್ರೆ ಮೀರಿ ಉಕ್ಕಿರುತ್ತದೆ. ಡಿಸೆಂಬರಿನಲ್ಲಿ ಎಂಟು ಗಂಟೆಯಾದರೂ ಏಳುವುದಿಲ್ಲ. ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ, ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ, ರಾಯಚೂರಿನಲ್ಲಿ ಅದೇ ವಾರ ಎಷ್ಟು ತಾಸು ಹಿಡಿಯಿತೆಂದು ಕೇಳಿ ಪಕ್ಕದ ಅಂಕಣದಲ್ಲಿ ಬರೆದುಕೊಳ್ಳಿ. ವಹಿ ತುಂಬಿದವರು ಅದನ್ನು ನಮಗೆ ಕಳುಹಿಸಿದರೆ ಮಕ್ಕಳ ಪುಟದಲ್ಲಿ ಅಚ್ಚು ಹಾಕಲು ಜಾಗ ಇಟ್ಟಿದ್ದೇವೆ.